ಅರ್ಧ ಸೌಟು ಕಡಿಮೆ

ಆಸ್ಪತ್ರೆಯ ಅಡುಗೆಮನೆಯಲ್ಲಿ ಅವಳಿಗೆ ಇಪ್ಪತ್ತೊಂದು ವರ್ಷ ಸರ್ವೀಸಾಗಿತ್ತು. ಮೊದಲ ನಾಲ್ಕು ವರ್ಷ ಪಾತ್ರೆ ತೊಳೆದಳು, ತರಕಾರಿ ಹೆಚ್ಚಿದಳು. ಆಮೇಲೆ ಒಂದು ದಿನ, ತೂಕದ ಮೇಜಿನಲ್ಲಿ ಕೂರುತ್ತಿದ್ದವಳು ರಜೆ ಹಾಕಿದಾಗ ಇವಳನ್ನು ಕೂರಿಸಿದರು. ಎದ್ದೇಳು ಎಂದು ಯಾರೂ ಹೇಳಲಿಲ್ಲ, ಇವಳೂ ಏಳಲಿಲ್ಲ. ಸಕ್ಕರೆ ಕಾಯಿಲೆಯವರ ಊಟವೆಲ್ಲ ಆ ಮೇಜು ದಾಟಿಯೇ ವಾರ್ಡಿಗೆ ಹೋಗಬೇಕು. ನಾಲ್ಕು ಗುಳಿಯ ಸ್ಟೀಲ್ ತಟ್ಟೆಯನ್ನು ತಕ್ಕಡಿಯ ಮೇಲಿಟ್ಟು, ಮುಳ್ಳನ್ನು ಸೊನ್ನೆಗೆ ತಂದು, ಅನ್ನ ಹಾಕಿ ತೂಗಬೇಕು. ಬ್ರೆಡ್ಡಿನ ಹೋಳು ಎಣಿಸಬೇಕು. ಆಲೂಗಡ್ಡೆ ದೊಡ್ಡದಾಯಿತೆಂದರೆ ಕೊಯ್ದು ತೆಗೆಯಬೇಕು. ಒಂದು ಅಗುಳು ಹೆಚ್ಚಿಲ್ಲ, ಒಂದು ಅಗುಳು ಕಡಿಮೆಯಿಲ್ಲ. ಹಾಗಾಗಿ ಅವಳ ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದು, ಎಲ್ಲರ ಬಾಯಲ್ಲೂ ತಕ್ಕಡಿ ಅಕ್ಕ ಎಂದೇ ಆಗಿಹೋಯಿತು.

ಮೇಜಿನ ಹಿಂದಿನ ಗೋಡೆಗೆ ಒಂದು ಕಾಗದ ಅಂಟಿಸಿತ್ತು. 'ಸಕ್ಕರೆ ಕಾಯಿಲೆ ಇರುವವರ ಊಟ' ಎಂದು ಮೇಲೆ ದಪ್ಪಕ್ಷರದಲ್ಲಿ. ಬೆಳಿಗ್ಗೆ ಬ್ರೆಡ್ಡು ಮೂರು ಹೋಳು, ಹತ್ತೂವರೆಗೆ ಬಿಸ್ಕತ್ತು ಎರಡು, ಮಧ್ಯಾಹ್ನ ಅನ್ನ ಇನ್ನೂರು ಗ್ರಾಂ, ಜೊತೆಗೆ ಆಲೂಗಡ್ಡೆ, ನಾಲ್ಕಕ್ಕೆ ಮತ್ತೆ ಬಿಸ್ಕತ್ತು, ಸಂಜೆ ಮತ್ತೆ ಅನ್ನ. ಹಬೆಯಲ್ಲಿ ನೆಂದು ಕಾಗದದ ಅಂಚು ಸುರುಳಿಯಾಗುತ್ತಿತ್ತು. ಪ್ರತಿ ಎರಡು ವರ್ಷಕ್ಕೊಮ್ಮೆ ಹಳೆಯದನ್ನು ಕಿತ್ತು ಅದರದೇ ಹೊಸ ಪ್ರತಿಯನ್ನು ಅಂಟಿಸುತ್ತಿದ್ದವಳೂ ಇವಳೇ. ಆ ಕಾಗದದ ಮೇಲೆ ಅವಳಿಗೆ ಮೊದಮೊದಲು ದೊಡ್ಡ ಭಕ್ತಿಯಿತ್ತು. ಓದಿದವರು ಬರೆದದ್ದು, ಹತ್ತಾರು ಕೈ ದಾಟಿ ಬಂದದ್ದು, ಸುಳ್ಳಾಗುತ್ತದೆಯೇ?

ಆ ಭಕ್ತಿಗೆ ಮೊದಲ ಬಿರುಕು ಬಿದ್ದದ್ದು ಅವಳ ದೊಡ್ಡಕ್ಕನಿಂದ. ದೊಡ್ಡಕ್ಕನಿಗೆ ನಲವತ್ತರ ಹೊತ್ತಿಗೇ ಸಕ್ಕರೆ ಕಾಯಿಲೆ ಬಂತು. ತಂಗಿ ಆಸ್ಪತ್ರೆಯಿಂದ ಅದೇ ಕಾಗದದ ಒಂದು ಪ್ರತಿ ತಂದುಕೊಟ್ಟಳು. ದೊಡ್ಡಕ್ಕ ಅದನ್ನು ಅಡುಗೆಮನೆಯ ಬಾಗಿಲಿನ ಹಿಂದೆ ಅಂಟಿಸಿಕೊಂಡು, ಗೆರೆ ದಾಟದೆ ನಡೆದಳು. ಮದುವೆಮನೆಗೆ ಹೋದರೂ ಸಿಹಿಯನ್ನು ಮೂಸಿ ನೋಡಲಿಲ್ಲ. ಹತ್ತೂವರೆಗೆ ಬಿಸ್ಕತ್ತು ಅಂದರೆ ಹಸಿವಿರಲಿ ಬಿಡಲಿ, ಹತ್ತೂವರೆಗೆ ಎರಡು ಬಿಸ್ಕತ್ತು. ಆದರೂ ಮೊದಲು ಕಾಲಿನ ಕಿರುಬೆರಳು ಹೋಯಿತು. ಆಮೇಲೆ ಅರ್ಧ ಪಾದ. ಆಮೇಲೆ ಮೊಣಕಾಲಿನ ಕೆಳಗೆ. ಪ್ರತಿ ಸಲವೂ ಆಸ್ಪತ್ರೆಯ ಡಯಟ್ ಮೇಡಂ, ಅಂದರೆ ಊಟದ ಪಟ್ಟಿ ಬರೆಯುವ ಅಧಿಕಾರಿ, ಹಾಸಿಗೆಯ ಬದಿಗೆ ಬಂದು ಒಂದೇ ಪ್ರಶ್ನೆ ಕೇಳುತ್ತಿದ್ದರು.

"ನಿಜ ಹೇಳಿ, ಕದ್ದು ತಿಂದ್ರಿ ಅಲ್ವಾ?"

"ಇಲ್ಲ ಮೇಡಂ."

"ಹಾಗಾದ್ರೆ ಶುಗರ್ ಯಾಕೆ ಇಳಿದಿಲ್ಲ? ಯಂತ್ರ ಸುಳ್ಳು ಹೇಳುತ್ತಾ?"

ದೊಡ್ಡಕ್ಕ ತಲೆ ತಗ್ಗಿಸುತ್ತಿದ್ದಳು. ಕೊನೆಕೊನೆಗೆ ಅವಳಿಗೇ ಅನುಮಾನ ಬಂದುಬಿಟ್ಟಿತ್ತು. "ನಿದ್ದೇಲಿ ಎದ್ದು ಹೋಗಿ ಏನಾದ್ರೂ ತಿಂತೀನೇನೋ ಕಣೇ," ಎಂದು ತಂಗಿಯ ಕೈ ಹಿಡಿದು ಕೇಳಿದ್ದಳು. ತಪ್ಪು ಮಾಡದವಳು ತಪ್ಪಿತಸ್ಥೆಯಾಗಿಯೇ ಸತ್ತಳು.

ತಕ್ಕಡಿ ಅಕ್ಕನ ನಲವತ್ತೇಳನೆಯ ವಯಸ್ಸಿಗೆ ಕಾಯಿಲೆ ಅವಳನ್ನೂ ಹುಡುಕಿಕೊಂಡು ಬಂತು. ಬಾಯಿ ಒಣಗುವುದು, ಮೂರು ಮೆಟ್ಟಿಲು ಹತ್ತಿದರೆ ಕಾಲು ಸೋಲುವುದು. ಗಂಡ ಬೀಗ ರಿಪೇರಿಯವನು. ಬಸ್ ನಿಲ್ದಾಣದ ಗೋಡೆಗೆ ಒತ್ತಿಕೊಂಡ ಪೆಟ್ಟಿಗೆಯಂಥ ಅಂಗಡಿಯಲ್ಲಿ ಕೂತು ಊರಿಗೆಲ್ಲ ಕೀಲಿ ಮಾಡಿಕೊಡುವವನು. ಎಂಥ ಸುದ್ದಿಗೂ ಒಂದು ನಗೆ ಹುಡುಕುವ ಜಾಯಮಾನ ಅವನದು.

"ಊಟ ಬಲ್ಲವನಿಗೆ ರೋಗವಿಲ್ಲ ಅಂತಾರೆ. ನೀನು ಊರಿನ ಊಟಾನೆಲ್ಲ ತೂಗಿದವಳು, ನಿನಗೇ ಬಂತಲ್ಲೇ!" ಎಂದ.

"ಗಾದೆ ಮಾಡಿದವನಿಗೆ ಶುಗರ್ ಇರ್ಲಿಲ್ಲ ಕಣ್ರೀ," ಎಂದಳು.

ಡಯಟ್ ಮೇಡಂ ಮೇಜಿನ ಖಾನೆ ತೆರೆದು, ಇವಳೇ ಹದಿನೇಳು ವರ್ಷದಿಂದ ಅಂಟಿಸುತ್ತಾ ಬಂದ ಕಾಗದವನ್ನು ಇವಳ ಕೈಗೇ ಕೊಟ್ಟರು. ಇವಳು ಅದರಂತೆಯೇ ನಡೆದಳು. ಮನೆಗೂ ಒಂದು ಸಣ್ಣ ತಕ್ಕಡಿ ತಂದುಕೊಂಡಳು. ಮೂರು ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಲೆಕ್ಕ ಮೊದಲಿಗಿಂತ ಮೇಲೆ ಹೋಗಿತ್ತು. ಮೇಡಂ ಚೀಟಿ ನೋಡಿ, ಕನ್ನಡಕದ ಮೇಲಿಂದ ಇವಳನ್ನು ನೋಡಿದರು.

"ಅಡುಗೆಮನೇಲೇ ಇರ್ತೀಯಲ್ಲ. ಕೈ ಸುಮ್ಮನಿರಲ್ಲ, ಅಲ್ವಾ?"

ದೊಡ್ಡಕ್ಕನ ತಗ್ಗಿದ ತಲೆ ಇವಳ ಕಣ್ಣಿಗೆ ಕಟ್ಟಿತು. ಇವಳು ತಲೆ ತಗ್ಗಿಸಲಿಲ್ಲ. ಚೀಟಿ ಕಿತ್ತುಕೊಂಡು ಹೊರಗೆ ಬಂದಳು.

ಹೊರರೋಗಿಗಳ ವಿಭಾಗಕ್ಕೆ ಆಗಷ್ಟೇ ಹೊಸ ಡಾಕ್ಟರೊಬ್ಬರು ಬಂದಿದ್ದರು. ವಯಸ್ಸು ಚಿಕ್ಕದು, ಎಲ್ಲರೂ ಸಣ್ಣ ಡಾಕ್ಟ್ರು ಎನ್ನುತ್ತಿದ್ದರು. ಅವರು ಚೀಟಿ ನೋಡಿ ಕದ್ದು ತಿಂದಿರಾ ಎಂದು ಕೇಳಲಿಲ್ಲ. ಏನೇನು ತಿನ್ನುತ್ತೀರಿ ಎಂದು ಕೇಳಿದರು. ಅವಳು ಕಾಗದವನ್ನು ಬಾಯಿಪಾಠ ಒಪ್ಪಿಸಿದಳು.

"ಅಕ್ಕಾ, ಇದ್ರಲ್ಲಿ ಸಕ್ಕರೆ ಎಲ್ಲಿದೆ ಹೇಳಿ?"

"ಎಲ್ಲೂ ಇಲ್ಲ ಡಾಕ್ಟ್ರೇ."

"ಎಲ್ಲಾ ಕಡೆ ಇದೆ. ಅನ್ನ, ಬ್ರೆಡ್ಡು, ಆಲೂಗಡ್ಡೆ, ಬಿಸ್ಕತ್ತು, ಹೊಟ್ಟೆಗಿಳಿದ ಮೇಲೆ ಎಲ್ಲಾ ಸಕ್ಕರೇನೇ. ದಿನಕ್ಕೆ ಐದು ಸಲ ಬೆಂಕಿಗೆ ತುಪ್ಪ ಸುರಿದು, ಉರಿ ಯಾಕೆ ಆರಲ್ಲ ಅಂತ ಕೇಳಿದ ಹಾಗೆ."

ಅವರು ಬೇರೆ ಊಟ ಹೇಳಿದರು. ಅನ್ನ ಕಾಲುಭಾಗಕ್ಕೆ ಇಳಿಸಬೇಕು, ಬಿಸ್ಕತ್ತು ಬಿಡಬೇಕು. ಸೊಪ್ಪು, ಕೋಸು, ಹುರುಳಿಕಾಯಿ ಎಷ್ಟು ಬೇಕಾದರೂ. ಮೊಟ್ಟೆ, ಮೀನು, ಬೇಯಿಸಿದ ಕಾಳು ಹೊಟ್ಟೆ ತುಂಬುವಷ್ಟು. ಎಣ್ಣೆಗೆ ಹೆದರುವುದು ಬೇಡ. ಬರೆಯುತ್ತಾ ಬರೆಯುತ್ತಾ ಅವಳ ಮಾತ್ರೆಗಳಲ್ಲಿ ಒಂದನ್ನು ಹೊಡೆದುಹಾಕಿದರು.

"ಊಟ ಇಳಿಸಿದ್ರೆ ಔಷಧೀನೂ ಇಳಿಸ್ಬೇಕು. ಇಲ್ಲಾಂದ್ರೆ ಶುಗರ್ ಪಾತಾಳಕ್ಕೆ ಹೋಗುತ್ತೆ. ಇದು ಎಲ್ರಿಗೂ ಒಂದೇ ಅಂತಲ್ಲ, ನೋಡ್ಕೊಂಡು ಮಾಡೋದು. ವಾರಕ್ಕೊಂದ್ಸಲ ಬಂದು ತೋರಿಸಿ. ಗೊತ್ತಾಯ್ತಾ?"

"ಗೊತ್ತಾಯ್ತು," ಎಂದಳು. ಅವಳ ಕಿವಿಗೆ ಬಿದ್ದದ್ದು ಮಾತಿನ ಮೊದಲರ್ಧ ಮಾತ್ರ. ಇನ್ನರ್ಧವನ್ನು ಅವಳು ಕೇಳಲಿಲ್ಲ ಅಂತಲ್ಲ. ಅದು ಡಾಕ್ಟರು ನೋಡಿಕೊಳ್ಳುವ ವಿಷಯ ಎಂದು ಬಿಟ್ಟುಬಿಟ್ಟಳು.

ಮೊದಲ ವಾರ ತಲೆನೋವು ಬಂತು. ಬ್ರೆಡ್ಡಿನ ವಾಸನೆ ಬಂದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಗಂಡ ತನ್ನ ತಟ್ಟೆಯನ್ನು ಎತ್ತಿಕೊಂಡು ಹೊಸಿಲ ಬಳಿ ಕೂತು ತಿನ್ನತೊಡಗಿದ, ಇವಳಿಗೆ ಕಾಣದಂತೆ. ಮೂರನೆಯ ವಾರಕ್ಕೆ ಕಾಲಿನ ಸೋಲು ಹೋಯಿತು. ಮೂರು ತಿಂಗಳಿಗೆ ಒಂಬತ್ತೂವರೆಯಿದ್ದ ಸರಾಸರಿ ಸಕ್ಕರೆಯ ಲೆಕ್ಕ ಆರೂವರೆಗೆ ಇಳಿಯಿತು. ಚೀಟಿ ಹಿಡಿದುಕೊಂಡು ಅವಳು ಲ್ಯಾಬಿನ ಮುಂದಿನ ಬೆಂಚಿನಲ್ಲಿ ಕೂತಳು. ಸಂತೋಷವಾಗಬೇಕಿತ್ತು. ಆದದ್ದು ಸಿಟ್ಟು. ಇಷ್ಟು ಸುಲಭವಿತ್ತೇ? ಹಾಗಾದರೆ ದೊಡ್ಡಕ್ಕನ ಕಾಲನ್ನು ತಿಂದದ್ದು ಯಾರು? ಮೂರು ಹೊತ್ತು ಗ್ರಾಂ ಲೆಕ್ಕದಲ್ಲಿ ತೂಗಿ ತೂಗಿ ತಾನು ಸಾವಿರಾರು ತಟ್ಟೆಗಳಲ್ಲಿ ಹಾಕಿ ಕಳಿಸಿದ್ದಾದರೂ ಏನು?

ನೇರ ಡಯಟ್ ಮೇಡಂ ಹತ್ತಿರ ಹೋದಳು. "ಮೇಡಂ, ಆ ಕಾಗದ ಬದಲಾಯಿಸ್ಬೇಕು," ಎಂದಳು.

ಮೇಡಂ ಕೆಟ್ಟವರೇನಲ್ಲ. ಬೆಳಿಗ್ಗೆ ಎಂಟಕ್ಕೆ ಬಂದರೆ ಸಂಜೆ ಆರರವರೆಗೆ ಮುನ್ನೂರು ಹಾಸಿಗೆಯ ಊಟ ನೋಡುವವರು. ಆದರೆ ಮೂವತ್ತು ವರ್ಷ ಒಂದೇ ಮಾತು ಹೇಳಿದವರಿಗೆ, ಆ ಮಾತು ತಪ್ಪಿರಬಹುದು ಎನ್ನುವುದಕ್ಕಿಂತ ಕೇಳಿದವರೆಲ್ಲ ಕಳ್ಳರು ಎನ್ನುವುದೇ ಸುಲಭ.

"ಆ ಸಣ್ಣ ಡಾಕ್ಟ್ರು ನಿನ್ನ ತಲೆಗೂ ಹುಳ ಬಿಟ್ಟಿದಾರಾ? ಕಾಗದ ಮೇಲಿಂದ ಬಂದಿದ್ದು. ನಾನು ಬದಲಾಯಿಸಿದ್ರೆ ನಾಳೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ? ನೋಡು, ನೀನು ತೂಗು. ಯೋಚನೆ ಮಾಡೋದು ನನ್ನ ಕೆಲ್ಸ."

ತೂಗು ಎಂದರಲ್ಲ, ಅವಳು ತೂಗಿದಳು. ಆದರೆ ಮಾರನೆಯ ದಿನದಿಂದ ಗಂಡಸರ ವಾರ್ಡಿನ ಒಂದು ತಟ್ಟೆಗೆ ಅರ್ಧ ಸೌಟು ಅನ್ನ ಕಡಿಮೆ ಬಿತ್ತು.

ಆ ತಟ್ಟೆ ಮೇಷ್ಟ್ರದು. ಗಣಿತ ಕಲಿಸಿ ನಿವೃತ್ತರಾದ ಎಪ್ಪತ್ತೊಂದರ ಮುದುಕರು, ಅಂಗಾಲಿನ ಹುಣ್ಣು ವಾಸಿಯಾಗದೆ ಒಂದೂವರೆ ತಿಂಗಳಿಂದ ಮಲಗಿದ್ದರು. ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಿದ್ದರು. ಅವರ ಹುಣ್ಣು ದೊಡ್ಡಕ್ಕನಿಗೆ ಆದ ಜಾಗದಲ್ಲೇ ಆಗಿತ್ತು. ವಾರ್ಡಿಗೆ ತಟ್ಟೆ ಹೊತ್ತು ಹೋಗುವ ಆಯಾ ಬಾರದ ದಿನ ತಕ್ಕಡಿ ಅಕ್ಕನೇ ಹೋಗಿ, ಬ್ಯಾಂಡೇಜು ಬಿಚ್ಚಿದ್ದ ಆ ಗಾಯವನ್ನು ನೋಡಿದ್ದಳು. ಅವತ್ತೇ ನಿಶ್ಚಯವಾಗಿಹೋಗಿತ್ತು.

ಅನ್ನ ಇಳಿಸಿದ ಜಾಗಕ್ಕೆ ಎರಡನೆಯ ಮೊಟ್ಟೆ, ಇನ್ನಷ್ಟು ಕೋಸು, ಬೇಯಿಸಿದ ಕಾಳು. ಆ ತಟ್ಟೆಯನ್ನು ಈಗ ಅವಳೇ ಒಯ್ಯುತ್ತಿದ್ದಳು. ಮೇಷ್ಟ್ರು ಎರಡು ದಿನ ನೋಡಿ, ಮೂರನೆಯ ದಿನ ತಟ್ಟೆ ತಂದ ಅವಳನ್ನೇ ಕೇಳಿದರು.

"ಏನಮ್ಮಾ, ಅನ್ನಕ್ಕೆ ಬರ ಬಂತಾ? ಅಂಶ ಸಣ್ಣದಾಗ್ತಾ ಇದೆ, ಛೇದ ಹಾಗೇ ಇದೆ."

"ಹೊಸ ಡಯಟ್ಟು ಮೇಷ್ಟ್ರೇ. ಗಾಯಕ್ಕೆ ಒಳ್ಳೇದು."

"ಡಾಕ್ಟ್ರು ಹೇಳಿದ್ರಾ?"

"ಹೂಂ," ಎಂದಳು.

ಆ ಒಂದು 'ಹೂಂ' ಅವಳ ಬಾಯಿಂದ ಎಷ್ಟು ಸಲೀಸಾಗಿ ಹೊರಬಿತ್ತೆಂದರೆ, ಸುಳ್ಳು ಹೇಳಿದೆ ಎಂದು ಅವಳಿಗೆ ಅನ್ನಿಸಲೂ ಇಲ್ಲ. ಹೇಳಿದ್ದು ಡಾಕ್ಟರೇ ಅಲ್ಲವೇ? ಇವರಿಗಲ್ಲ, ತನಗೆ. ಅಷ್ಟೇ ವ್ಯತ್ಯಾಸ.

ಹತ್ತು ದಿನಕ್ಕೆ ಹಾಸಿಗೆಯ ಕಾಲಿಗೆ ತೂಗುಹಾಕಿದ ಪಟ್ಟಿಯಲ್ಲಿ ಅಂಕಿಗಳು ಇಳಿಯತೊಡಗಿದವು. ಇನ್ನೂರ ಎಂಬತ್ತು ಇದ್ದದ್ದು ನೂರ ತೊಂಬತ್ತು, ನೂರ ಅರವತ್ತು, ನೂರ ಮೂವತ್ತು. ವಾರ್ಡಿನ ಡಾಕ್ಟರು ಸೋಮವಾರಕ್ಕೊಮ್ಮೆ ಔಷಧಿಯ ಪಟ್ಟಿ ತಿದ್ದುವವರು. ಮೊದಲ ಸೋಮವಾರ ಇನ್ಸುಲಿನ್ ಎರಡು ಯೂನಿಟ್ ಇಳಿಸಿ, ಗಾಯ ಒಣಗುತ್ತಿದೆ, ಔಷಧಿ ಈಗ ಹಿಡಿಯಿತು ಎಂದು ತಮಗೆ ತಾವೇ ಬೆನ್ನು ತಟ್ಟಿಕೊಂಡರು. ತಕ್ಕಡಿ ಅಕ್ಕ ಮನೆಯಲ್ಲಿ ಹಾಡು ಗುನುಗುವುದನ್ನು ಕೇಳಿ ಗಂಡ ಕೈಯಲ್ಲಿದ್ದ ಅರ ಬಿಟ್ಟು ತಿರುಗಿ ನೋಡಿದ.

"ಏನೇ, ಲಾಟ್ರಿ ಹೊಡೀತಾ?"

"ಒಂದು ಕಾಲು ಉಳೀತು ರೀ," ಎಂದಳು. ಯಾರ ಕಾಲು ಎಂದು ಹೇಳಲಿಲ್ಲ.

ಅರ್ಧ ಸೌಟಿನಿಂದ ಇಷ್ಟಾದರೆ ಪೂರ್ತಿ ಸೌಟಿನಿಂದ ಎಷ್ಟಾಗಬೇಡ ಎಂದು ಅವಳಿಗೆ ಅನ್ನಿಸಿದ್ದು ಒಂದು ಶನಿವಾರ. ಆ ಮಧ್ಯಾಹ್ನ ಮೇಷ್ಟ್ರ ತಟ್ಟೆಗೆ ಅನ್ನವನ್ನೇ ಹಾಕಲಿಲ್ಲ, ಆಲೂಗಡ್ಡೆಯನ್ನೂ ಹಾಕಲಿಲ್ಲ. ಕೋಸು, ಮೊಟ್ಟೆ, ಒಂದು ಸೌಟು ಹುರುಳಿಕಾಯಿ. ತಟ್ಟೆಯ ದೊಡ್ಡ ಗುಳಿ ಖಾಲಿ ಕಾಣಬಾರದೆಂದು ಅದರ ತುಂಬ ಸೊಪ್ಪು ಹರಡಿದಳು.

ಹನ್ನೆರಡೂವರೆಗೆ ವಾರ್ಡಿನ ಸಿಸ್ಟರ್ ಪಟ್ಟಿಯಲ್ಲಿದ್ದಂತೆ ಹದಿನಾಲ್ಕು ಯೂನಿಟ್ ಇನ್ಸುಲಿನ್ ಚುಚ್ಚಿದಳು. ಇನ್ನೂರು ಗ್ರಾಂ ಅನ್ನ ಬರುತ್ತದೆ ಎಂಬ ಲೆಕ್ಕಕ್ಕೆ ಎಂದೋ ಬರೆದಿಟ್ಟ ಹದಿನಾರರಲ್ಲಿ ಎರಡು ಕಳೆದು ಉಳಿದ ಹದಿನಾಲ್ಕು ಅದು. ಮೇಷ್ಟ್ರು ಸೊಪ್ಪು ತಿಂದು ಮಲಗಿದರು. ಎರಡೂವರೆಯ ಹೊತ್ತಿಗೆ ಎದ್ದು ಬಚ್ಚಲಿಗೆ ಹೊರಟರು. ಪಕ್ಕದ ಹಾಸಿಗೆಯವನು ಆಮೇಲೆ ಹೇಳಿದ್ದಿಷ್ಟು: ಅಂಗಿ ಹಿಂಡುವಷ್ಟು ಬೆವತಿದ್ದರು, ಏನೋ ಮಗ್ಗಿ ಒಪ್ಪಿಸುವಂತೆ ತೊದಲುತ್ತಿದ್ದರು, ನಾಲ್ಕು ಹೆಜ್ಜೆ ಇಟ್ಟು ಬುಡ ಕಡಿದ ಮರದಂತೆ ಬಿದ್ದರು. ಸಿಸ್ಟರ್ ಓಡಿಬಂದು ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಮೂವತ್ತೆಂಟು. ಗ್ಲೂಕೋಸ್ ಏರಿಸಿ ಜೀವ ಉಳಿಸಿದಳು. ಆದರೆ ಸೊಂಟದ ಮೂಳೆ ಮುರಿದಿತ್ತು.

ಸುದ್ದಿ ಅಡುಗೆಮನೆಗೆ ಬಂದಾಗ ತಕ್ಕಡಿ ಅಕ್ಕ ನಾಲ್ಕು ಗಂಟೆಯ ಬಿಸ್ಕತ್ತು ಎಣಿಸುತ್ತಿದ್ದಳು. "ಶುಗರ್ ಬಿದ್ದುಹೋಯ್ತಂತೆ," ಎಂದಳು ಆಯಾ. ಎಣಿಕೆ ತಪ್ಪಿತು. ಸಣ್ಣ ಡಾಕ್ಟ್ರ ಮಾತಿನ ಇನ್ನರ್ಧ ಆಗ ಕಿವಿಗೆ ಬಿತ್ತು, ನಾಲ್ಕು ತಿಂಗಳು ತಡವಾಗಿ. ಮೇಷ್ಟ್ರ ತಟ್ಟೆ ಅಷ್ಟು ಹೊತ್ತಿಗೆ ತೊಳೆದು ಬೋರಲು ಹಾಕಿಯಾಗಿತ್ತು, ಮಿಕ್ಕ ಮುನ್ನೂರು ತಟ್ಟೆಗಳ ಜೊತೆ.

ಭಾನುವಾರವೇ ವಿಚಾರಣೆ ನಡೆಯಿತು. ವಿಚಾರಣೆ ಎಂದರೆ ಸೂಪರಿಂಟೆಂಡೆಂಟರ ಕೋಣೆಯಲ್ಲಿ ನಾಲ್ಕು ಕುರ್ಚಿ. ಅಡುಗೆಮನೆಯವರನ್ನು ಯಾರೂ ಕರೆಯಲಿಲ್ಲ. ಊಟ ಕಾಗದದಲ್ಲಿದ್ದಂತೆ ಹೋಗಿದೆ, ಅದರಲ್ಲಿ ಅನುಮಾನವೇ ಇಲ್ಲ. ತಕ್ಕಡಿ ಅಕ್ಕನ ಕೈ ತಪ್ಪುವುದುಂಟೇ? ಹಾಗಾದರೆ ತಪ್ಪಿದ್ದು ಸೂಜಿಯ ಕೈ. ಸಿಸ್ಟರ್ ಕೆಲಸಕ್ಕೆ ಸೇರಿ ಹನ್ನೊಂದು ತಿಂಗಳಾಗಿತ್ತು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹದಿನಾಲ್ಕರ ಬದಲು ಹೆಚ್ಚು ಎಳೆದಿರಬೇಕು ಎಂದರು. ಇಲ್ಲ ಎಂದಳು. ಸೀಸೆ ನೋಡಿ ಎಂದಳು. ಸೀಸೆ ಹತ್ತು ಜನಕ್ಕೆ ಬಳಸಿದ್ದು, ಅದರಿಂದ ಏನೂ ತಿಳಿಯುವಂತಿರಲಿಲ್ಲ. ಕಾರಿಡಾರಿನಲ್ಲಿ ಅವಳು ಗೋಡೆಗೆ ಮುಖ ಮಾಡಿ ನಿಂತಿದ್ದನ್ನು ತಕ್ಕಡಿ ಅಕ್ಕ ತರಕಾರಿ ಗಾಡಿಯ ಮರೆಯಿಂದ ನೋಡಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ. ಜ್ವರದ ಎತ್ತು ಮಾತ್ರ ಬಾಯಿ ಬಿಡಲಿಲ್ಲ.

ಯಾಕೆ ಬಿಡಲಿಲ್ಲ? ಕೆಲಸ ಹೋಗುವ ಹೆದರಿಕೆ ಇತ್ತು, ಸುಳ್ಳಲ್ಲ. ಆದರೆ ಅದರ ಕೆಳಗೆ ಇನ್ನೊಂದಿತ್ತು, ಅದನ್ನು ಅವಳು ತನಗೆ ತಾನೇ ಒಪ್ಪಿಕೊಂಡದ್ದು ಬಹಳ ದಿನದ ಮೇಲೆ. ತಾನು ಹೇಳಿದರೆ ಕಾಗದ ಗೆದ್ದುಬಿಡುತ್ತದೆ. ನೋಡಿದಿರಾ, ಅನ್ನ ತೆಗೆದರೆ ಹೀಗಾಗುತ್ತದೆ ಎಂದು ಮೇಡಂ ನಾಳೆ ಎಲ್ಲರಿಗೂ ಹೇಳುತ್ತಾರೆ, ದೊಡ್ಡಕ್ಕ ಎರಡನೆಯ ಸಲ ಕಳ್ಳಿಯಾಗುತ್ತಾಳೆ. ಹೀಗೆ ಸತ್ತವಳ ಮಾನ ಕಾಯಲು ಹೋಗಿ ಬದುಕಿದ್ದವಳೊಬ್ಬಳ ಮಾನವನ್ನು ಎರಡು ದಿನ ಬೀದಿಯಲ್ಲಿ ಬಿಟ್ಟಳು.

ಗಂಡನಿಗೆ ಹೇಳಿದಳು. ಅವನು ಮೊದಲ ಸಲ ನಗಲಿಲ್ಲ.

"ಬೀಗ ಒಳ್ಳೇದೇ, ಕೀಲೀನೂ ಒಳ್ಳೇದೇ. ಆದ್ರೆ ಬೇರೆಯವರ ಮನೆ ಬಾಗಿಲಿಗೆ ಹಾಕಿ ತಿರುವಿದೀಯ ನೀನು. ಹೋಗಿ ಹೇಳ್ಬಿಡು," ಎಂದ.

ಮಂಗಳವಾರ ಬೆಳಿಗ್ಗೆ ಮೇಡಂ ಕೋಣೆಗೆ ಹೋಗಿ ಹೇಳಿದಳು. ಮೇಡಂ ಎದ್ದು ಬಾಗಿಲು ಮುಚ್ಚಿದರು. ಮುಖ ಬಿಳಿಚಿಕೊಂಡಿತ್ತು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ಎಷ್ಟು ದಿನದಿಂದ?"

"ಹದಿನೆಂಟು ದಿನ."

"ಯಾರಿಗಾದ್ರೂ ಹೇಳಿದೀಯಾ?"

"ಇಲ್ಲ."

"ಹೇಳ್ಬೇಡ."

ಇಬ್ಬರೂ ಸೂಪರಿಂಟೆಂಡೆಂಟರ ಹತ್ತಿರ ಹೋದರು. ಅವರು ಪೂರ್ತಿ ಕೇಳಿ, ಪೆನ್ನಿನ ಮುಚ್ಚಳ ಹಾಕಿದರು.

"ನೋಡಮ್ಮ, ವರದಿ ನಿನ್ನೆ ಸಂಜೆಯೇ ಹೋಗಿದೆ. ಆ ಹುಡುಗೀನ ಕೆಲಸದಿಂದ ತೆಗೆದಿದ್ದೂ ಆಯ್ತು. ಒಬ್ಬರ ತಪ್ಪು ಅಂತ ಮುಗಿದಿರೋದನ್ನ ಈಗ ಅಡುಗೆಮನೆ, ವಾರ್ಡು, ಡಾಕ್ಟ್ರು ಎಲ್ಲರ ತಪ್ಪು ಅಂತ ತೆರೆದ್ರೆ ಆಸ್ಪತ್ರೆ ಬಾಗಿಲು ಮುಚ್ಚಬೇಕಾಗುತ್ತೆ."

"ಆದ್ರೆ ಆ ಸಿಸ್ಟರ್ ತಪ್ಪಿಲ್ಲ ಸಾರ್."

"ಚಿಕ್ಕ ವಯಸ್ಸು. ಬೇರೆ ಕಡೆ ಕೆಲಸ ಸಿಗುತ್ತೆ."

ಬರೆದುಕೊಡುತ್ತೇನೆ ಎಂದು ಅವಳು ಹಟ ಹಿಡಿದಳು. ಬರೆದೂ ಕೊಟ್ಟಳು, ಒಂದು ಪುಟ, ಕೆಳಗೆ ಸಹಿ. ಸೂಪರಿಂಟೆಂಡೆಂಟರು ಅದನ್ನು ಎರಡು ಕೈಯಿಂದ ತೆಗೆದುಕೊಂಡು, ಮರ್ಯಾದೆಯಿಂದ ಮಡಿಸಿ, ಮೇಜಿನ ಕೆಳಗಿನ ಖಾನೆಗೆ ಹಾಕಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಕೆಲಸ ಉಳಿಯಿತು. ಅವಳನ್ನು ಒಂದು ತಿಂಗಳು ತರಕಾರಿ ಹೆಚ್ಚಲು ಹಾಕಿ, ಹೊಸಬಳ ಕೈಯಲ್ಲಿ ತೂಕ ತಪ್ಪುತ್ತಿದೆ ಎಂದು ಮತ್ತೆ ಅದೇ ಮೇಜಿಗೆ ಕೂರಿಸಿದರು.

ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದ ಮೇಷ್ಟ್ರ ಬಳಿ ಹೋಗಿ ಅವಳು ತಾನೇ ಹೇಳಿದಳು. ಅವರು ಚಾವಣಿ ನೋಡುತ್ತಲೇ ಕೇಳಿದರು.

"ಅಂದ್ರೆ ಡಾಕ್ಟ್ರು ಹೇಳಿರ್ಲಿಲ್ಲ."

"ಇಲ್ಲ ಮೇಷ್ಟ್ರೇ."

"ನನ್ನನ್ನ ಕೇಳಬಹುದಿತ್ತಲ್ಲಮ್ಮಾ. ಹೀಗೆ ಹೀಗೆ, ಒಂದು ಪ್ರಯತ್ನ ಮಾಡೋಣ ಅಂತ. ನಾನು ಒಪ್ಕೋತಿದ್ದೆ. ಡಾಕ್ಟ್ರ ಹತ್ರಾನೂ ನಾನೇ ಜಗಳ ಆಡ್ತಿದ್ದೆ. ತಟ್ಟೆ ನನ್ನದಲ್ವಾ?"

ಕಾಗದ ಬರೆದವರು ಕೇಳಿರಲಿಲ್ಲ, ಮೇಡಂ ಕೇಳಿರಲಿಲ್ಲ, ಅವರ ಮೇಲೆಲ್ಲ ಹಲ್ಲು ಕಡಿದ ತಾನೂ ಕೇಳಿರಲಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿ, "ನಾಳೆಯಿಂದ ಆಯಾ ಕೈಲಿ ಕಳ್ಸಿ," ಎಂದರು. ಅಂಗಾಲಿನ ಹುಣ್ಣು ಪೂರ್ತಿ ಮಾಯಿತು. ಅದನ್ನು ಊರಿ ನಡೆಯುವ ಯೋಗ ಮಾತ್ರ ಬರಲಿಲ್ಲ. ಮಗಳು ಮನೆಗೆ ಕರೆದುಕೊಂಡು ಹೋದಳು. ಏಳು ತಿಂಗಳು ಹಾಸಿಗೆಯಲ್ಲಿದ್ದು, ಎದೆಯಲ್ಲಿ ಕಫ ಕಟ್ಟಿ ತೀರಿಕೊಂಡರಂತೆ.

ಸಣ್ಣ ಡಾಕ್ಟ್ರಿಗೂ ವಿಷಯ ತಿಳಿಯಿತು. ಅವಳನ್ನು ನೋಡಿದಾಗಲೆಲ್ಲ ಅಕ್ಕಾ ಎನ್ನುತ್ತಿದ್ದವರು ನೆಕ್ಸ್ಟ್ ಎನ್ನತೊಡಗಿದರು. "ಇನ್ನು ಎರಡು ವರ್ಷ ನಾನಿಲ್ಲಿ ಈ ಊಟದ ಹೆಸರು ಎತ್ತೋ ಹಾಗಿಲ್ಲ, ಗೊತ್ತಾ?" ಎಂದು ಒಮ್ಮೆ ಮಾತ್ರ ಹೇಳಿದರು. ಅವರು ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಹಿಡಿಯಿತು. ಎರಡೂವರೆ ವರ್ಷದ ಮೇಲೆ ಮೇಲಿಂದಲೇ ಹೊಸ ಕಾಗದ ಬಂತು. ಅನ್ನ ಅರವತ್ತು ಗ್ರಾಂ, ಬಿಸ್ಕತ್ತು ಇಲ್ಲ, ಸೊಪ್ಪು ತರಕಾರಿ ಅರ್ಧ ತಟ್ಟೆ. ಕೆಳಗೆ ಕಪ್ಪು ಚೌಕಟ್ಟಿನೊಳಗೆ ಒಂದು ಸಾಲು: ರೋಗಿಯ ಒಪ್ಪಿಗೆ ಪಡೆದು, ವೈದ್ಯರು ಔಷಧಿಯ ಪ್ರಮಾಣ ಇಳಿಸಿದ ನಂತರವೇ ಆರಂಭಿಸತಕ್ಕದ್ದು. ಅದನ್ನು ಜಾರಿಗೆ ತಂದದ್ದಕ್ಕೆ ಡಯಟ್ ಮೇಡಂಗೆ ಒಂದು ಸಭೆಯಲ್ಲಿ ಶಾಲು ಹೊದಿಸಿದರು. "ನಾವು ಮೊದಲಿಂದ್ಲೂ ಅನ್ನ ಕಡಿಮೆ ಮಾಡಿ ಅಂತಾನೇ ಹೇಳ್ತಾ ಬಂದಿದೀವಿ," ಎಂದು ಅವರು ಮೈಕಿನಲ್ಲಿ ಹೇಳಿದಾಗ ತಕ್ಕಡಿ ಅಕ್ಕ ಸಭೆಯ ಹಿಂದಿನ ಸಾಲಿನಲ್ಲಿ ನಿಂತು, ಚಹಾದ ಲೋಟಗಳನ್ನು ತಟ್ಟೆಗೆ ಜೋಡಿಸುತ್ತಿದ್ದಳು. ಒಂದು ಲೋಟವನ್ನೂ ಬೀಳಿಸಲಿಲ್ಲ.

ಆ ವಾರ ರಜೆ ಹಾಕಿ ಸಿಸ್ಟರನ್ನು ಹುಡುಕಿಕೊಂಡು ಹೋದಳು. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ, ಬಾಗಿಲ ಬಳಿಯ ಮೇಜಿನಲ್ಲಿ ಕೂತು ಅವಳು ಚೀಟಿ ಬರೆಯುತ್ತಿದ್ದಳು. ಇವಳನ್ನು ಕಂಡ ಕೂಡಲೇ ಗುರುತಿಸಿದಳು. ಏಳಲಿಲ್ಲ.

"ಹಲ್ಲು ತೋರಿಸೋಕಾ?"

"ಇಲ್ಲಮ್ಮ. ನಿನ್ನ ನೋಡೋಕೆ ಬಂದೆ. ಅವತ್ತು ತಟ್ಟೇಲಿ ಅನ್ನ ಹಾಕದೆ ಕಳ್ಸಿದ್ದು ನಾನು."

"ಗೊತ್ತು. ಆಯಾ ಹೇಳಿದ್ಲು, ಆ ವಾರಾನೇ. ನೀವು ಬರೆದುಕೊಟ್ಟಿದ್ದೂ ಗೊತ್ತು."

"ಹೇಳೋದು ತಡ ಆಯ್ತು."

"ಎರಡು ದಿನ," ಎಂದಳು ಸಿಸ್ಟರ್, ಚೀಟಿಯಿಂದ ಕಣ್ಣೆತ್ತದೆ. "ಶುಕ್ರವಾರಾನೇ ನಾನು ಪಟ್ಟೀಲಿ ಬರೆದಿದ್ದೆ, ಶುಗರ್ ಇಳೀತಿದೆ, ಡೋಸ್ ನೋಡಿ ಅಂತ. ಡ್ಯೂಟಿ ಡಾಕ್ಟ್ರು ಸೋಮವಾರ ನೋಡೋಣ ಅಂದ್ರು. ವಿಚಾರಣೇಲಿ ಆ ಪುಟಾನೇ ಇರ್ಲಿಲ್ಲ. ಅವತ್ತು ಯಾರಾದ್ರೂ ಒಬ್ರು ಊಟದ ಬಗ್ಗೆ ಒಂದು ಮಾತು ಹೇಳಿದ್ರೆ ಸಾಕಿತ್ತು. ಯಾರೂ ಇಲ್ಲ ಅಂದ್ಕೊಂಡೆ. ನೀವು ತರಕಾರಿ ಗಾಡಿ ಹಿಂದೆ ಇದ್ರಿ."

ತಕ್ಕಡಿ ಅಕ್ಕ ಚೀಲದಿಂದ ಇನ್ನೊಂದು ಪತ್ರ ತೆಗೆದಳು. ನಡೆದದ್ದನ್ನೆಲ್ಲ ಮತ್ತೆ ಬರೆದು ಸಹಿ ಮಾಡಿ ತಂದಿದ್ದಳು. "ಇದು ಇಟ್ಕೋ. ಎಲ್ಲಾದ್ರೂ ಬೇಕಾಗುತ್ತೆ."

"ಎಲ್ಲಿ ಕೊಡ್ಲಿ ಇದನ್ನ? ಇಲ್ಲಿ ನಾನು ಸೂಜಿ ಮುಟ್ಟೋದೂ ಇಲ್ಲ. ಮುಟ್ಟಿದ್ರೆ ಕೈ ನಡುಗುತ್ತೆ. ತಪ್ಪು ನನ್ನದಲ್ಲ ಅಂತ ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ." ಒಳಗಿನಿಂದ ಡಾಕ್ಟರು ಗಂಟೆ ಒತ್ತಿದರು. ಸಿಸ್ಟರ್ ಎದ್ದಳು. "ನೀವು ಒಳ್ಳೇವ್ರು ಅಂತ ಎಲ್ರೂ ಹೇಳ್ತಾರೆ. ಇರಬಹುದು. ನಾನು ಕ್ಷಮಿಸಿದೀನಿ ಅಂತ ಕೇಳಿಸ್ಕೊಂಡು ಹೋಗೋಕೆ ಬಂದಿದ್ರೆ, ಅದಾಗಲ್ಲ."

ಪತ್ರವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಅವಳು ಮೂರು ಬಸ್ಸು ಬದಲಾಯಿಸಿ ಮನೆಗೆ ಬಂದಳು. ಗಂಡ ಏನಾಯಿತು ಎಂದು ಕೇಳಿ, ಮುಖ ನೋಡಿ, ಉತ್ತರಕ್ಕೆ ಕಾಯದೆ ನೀರು ತಂದುಕೊಟ್ಟ.

ಅವಳು ನಿವೃತ್ತಳಾಗಿ ಈಗ ನಾಲ್ಕು ವರ್ಷ. ಕಾಲು ಗಟ್ಟಿ, ಕಣ್ಣು ಚುರುಕು, ಲೆಕ್ಕ ಆರೂವರೆ ದಾಟಿಲ್ಲ. ಅಷ್ಟು ವರ್ಷದ ಸಕ್ಕರೆ ಕಾಯಿಲೆಯವಳು ಹೀಗಿರುವುದನ್ನು ಕಂಡು ಬೀದಿಯವರಿಗೆ ಆಸೆ. ಕಳೆದ ತಿಂಗಳು ಎದುರುಮನೆಯ ಟೈಲರು ಬಾಗಿಲಿಗೆ ಬಂದು ಕೂತ.

"ಅಕ್ಕಾ, ಏನು ತಿಂತೀರ, ಏನು ಬಿಟ್ಟಿದೀರ, ಒಂದು ಚೀಟೀಲಿ ಬರೆದುಕೊಡಿ. ನಾಳೆಯಿಂದ್ಲೇ ಶುರು ಮಾಡ್ತೀನಿ."

"ಇಂಜೆಕ್ಷನ್ ತಗೋತೀಯಾ?"

"ಹೂಂ, ದಿನಕ್ಕೆ ಎರಡು ಸಲ."

"ಹಾಗಾದ್ರೆ ಡಾಕ್ಟ್ರ ಹತ್ರ ಕೇಳು. ನಾನು ಹೇಳಲ್ಲ."

"ಡಾಕ್ಟ್ರು ಎರಡು ನಿಮಿಷದಲ್ಲಿ ಎಬ್ಬಿಸಿ ಕಳಿಸ್ತಾರೆ ಅಕ್ಕಾ. ನಿಮಗೆ ಗೊತ್ತಿರೋದನ್ನೇ ಹೇಳಿ ಅಂತಿರೋದು."

"ಎಬ್ಬಿಸಿದ್ರೂ ಏಳ್ಬೇಡ. ಕೂತು ಕೇಳು. ಊಟ ಇಳಿಸ್ತೀನಿ, ಔಷಧಿ ಎಷ್ಟು ಇಳಿಸ್ಬೇಕು ಅಂತ ಕೇಳು. ಅದನ್ನ ಬರೆದುಕೊಡೋವರೆಗೂ ಒಂದು ತುತ್ತೂ ಕಡಿಮೆ ಮಾಡ್ಬೇಡ."

ಟೈಲರು ಮುಖ ಗಂಟಿಕ್ಕಿಕೊಂಡು ಎದ್ದು ಹೋದ. ಆಮೇಲೆ ಬೀದಿಯಲ್ಲಿ ಮಾತು ಹಬ್ಬಿತು: ಅವಳಿಗೆ ಗುಟ್ಟು ಗೊತ್ತು, ತಾನೊಬ್ಬಳೇ ಬದುಕಬೇಕು, ಬೇರೆಯವರಿಗೆ ಬಾಯಿ ಬಿಡಲ್ಲ. ಗಂಡ ಅದನ್ನು ಅಂಗಡಿಯಲ್ಲಿ ಕೇಳಿಸಿಕೊಂಡು ಬಂದು ಹೇಳಿದ. ಅವಳು ಹುರುಳಿಕಾಯಿಯ ನಾರು ತೆಗೆಯುತ್ತಾ, "ಅಂದ್ಕೊಳ್ಳಲಿ ಬಿಡಿ," ಎಂದಳು.